ಕೇಸರಿ ಸೀರಿ ಮತ್ತು ನಿಮ್ಮ ಗೋಲ್‌ಕೀಪರ್

ಅಡರಕಟ್ಟಿ,
ಗುರುವಾರ, 31 ಜುಲೈ 2025

ನಮ್ಮ ಮನಿಯವರಿಗೆ,

ಇಲ್ಲಿ ತವರಾಗ ನಾ ಆರಾಮ ಅದೀನಿ ಅಂತ ಬರಿಯಂಗಿಲ್ಲ, ಸುಳ್ಳಾಗತೈತಿ. ಭಾಗ್ಯಾ ಫೋನ್ ಯಾಕ ಎತ್ತವಲ್ಲಳು ಅಂತ ಅಣ್ಣಗ ಕೇಳಿದ್ರಂತ. ಎತ್ತಿದ್ರ ಏನಾಗತೈತಿ ನನಗ ಗೊತ್ತೈತಿ ರೀ. ಎರಡ ಮಾತಾಡೂದ್ರಾಗ ಸ್ನೇಹಾಳ ಫೋನ್ ಬರತೈತಿ, ಒಂದ ನಿಮಿಷ ತಡಿ ಅಂತೀರಿ, ನನ್ನ ಚಹಾ ಆರಿ ಹೋಗತೈತಿ. ಪತ್ರದ ನಡುವ ಯಾರ ಫೋನೂ ಬರಂಗಿಲ್ಲ. ಪಂಚಮಿ ಉಂಡಿ ಡಬ್ಬಿ ಜೋಡಿ ಇದನ್ನ ಅಣ್ಣ ತಂದ ಕೊಡ್ತಾನ.

ಆ ಹುಡುಗಿ ನಿಮ್ಮ ಕಾಲೇಜಿಗೆ ಪಾಠ ಹೇಳಾಕ ಬಂದಾಗಿಂದ ನಮ್ಮ ಮನ್ಯಾಗ ಬ್ಯಾರೆ ಮಾತ ಇಲ್ಲ. ಫುಟ್‌ಬಾಲ್ ಆಡೂ ಆ ಮೊಣಕಾಲೆತ್ತರದ ರೋಬೋಟಿನೊಳಗ ಗೋಲ್ ಕಾಯೂದಕ್ಕ ಪ್ರೋಗ್ರಾಂ ಬರಿಯೂದು ನಿಮ್ಮಿಬ್ಬರ ಪಾಲಿಗೆ ಬಂತು, ಬರಲಿ. ಆದರ ಊಟಕ್ಕ ಕುಂತರೂ ಅದ, ಎದ್ದರೂ ಅದ. ಕೀಪರ್ ಯಾವಾಗ ಮುಂದ ಬರಬೇಕು, ಯಾವಾಗ ಕಂಬದ ನಡುವ ನಿಲ್ಲಬೇಕು, ಚೆಂಡು ಎಲ್ಲಿ ಬಂದು ಮುಟ್ಟತೈತಿ ಅಂತ ಹೆಂಗ ಮೊದಲ ಗುರುತ ಹಿಡೀಬೇಕು, ಎಲ್ಲಾ ಸ್ನೇಹಾ ಹೇಳಿದ್ಲು, ಸ್ನೇಹಾ ಬರದ್ಲು. ನಾ ಮಾಡಿದ ಎಣಗಾಯಿಗೆ ಉಪ್ಪ ಬಿದ್ದೈತೋ ಇಲ್ಲೋ ಹೇಳಾಕ ನಿಮಗ ಬಾಯಿ ಇರಲಿಲ್ಲ. ನನಗ ಹೊಟ್ಟಿಕಿಚ್ಚ ಆತು. ಆತು ಅಂದ್ರ ಆತು, ಯಾರ ಅಂಜಿಕಿ ಐತಿ?

ಆಕಿ ಊಟಕ್ಕ ಬಂದಾಗ ನಾನ ಉಡಿ ತುಂಬಿ ಕಳಿಸಿದೆ. ಅಕ್ಕಿ, ಕೊಬ್ಬರಿ ಬಟ್ಟಲ, ಉತ್ತತ್ತಿ, ಮ್ಯಾಲ ಬೆಟಗೇರಿ ಮಗ್ಗದ ಕೇಸರಿ ಸೀರಿ. ಮ್ಯಾಚಿನ ದಿನ ಇದನ್ನ ಉಟ್ಕೊಂಡ ಹೋಗವಾ, ಚೊಲೊ ಆಗತೈತಿ ಅಂದೆ. ನೀವು ಸೀರಿ ಕಡೆ ಲಕ್ಷ್ಯ ಕೊಡಲಿಲ್ಲ. ನನ್ನ ಮುಖಾ ನೋಡಿ, ಎಷ್ಟ ದೊಡ್ಡ ಮನಸ್ಸ ನಿಂದು ಅಂದ್ರಿ. ಯಾವ ಕಾಲಕ್ಕೋ ಒಮ್ಮೆ ಹಂಗ ನೋಡಿದ್ರಿ, ನನಗ ಅಷ್ಟ ಸಾಕಾಗಿತ್ತು.

ಶನಿವಾರದ ಮ್ಯಾಚ್ ಇಲ್ಲೇ ಕುಂತು ಮೊಬೈಲ್‌ನ್ಯಾಗ ನೋಡಿದೆ. ಗೋಲಿನ ಬಾಜೂಕ ಆಕಿ ಲ್ಯಾಪ್‌ಟಾಪ್ ಹಿಡ್ಕೊಂಡ ನಿಂತಿದ್ಲು. ಫ್ಯಾನಿನ ಗಾಳಿಗೆ ಸೆರಗ ಹಾರಿದ್ದ ತಡ, ನಿಮ್ಮ ಕೀಪರ್ ಗೋಲ್ ಬಿಟ್ಟು ಆಕಿ ಕಡೆ ಹೊಂಟಬಿಡ್ತು. ಖರೇ ಚೆಂಡು ಅದರ ಬೆನ್ನ ಹಿಂದಿಂದ ಆರಾಮ ಉರುಳಿ ಒಳಗ ಹೋತು. ಮಂದಿ ಹೊಟ್ಟಿ ಹಿಡ್ಕೊಂಡ ನಕ್ರು. ನಾನೂ ನಕ್ಕೆ. ಸಂಜಿಗೆ ಸಣ್ಣವ್ವ ಗದಿಗೆವ್ವ ಅದ ವಿಡಿಯೋ ತನ್ನ ಫೋನಿನ್ಯಾಗ ತೋರಿಸಿದ್ಲು. ನಂದೀಶ ಸರ್ ಹಂಗ ಅವರ ರೋಬೋಟೂ ಸ್ನೇಹಾ ಮೇಡಮ್ ಹಿಂದ ಅಂತ ಕೆಳಗ ಯಾರೋ ಬರದಿದ್ರು. ಇದು ಖರೇನ ಭಾಗ್ಯಾ ಅಂತ ಸಣ್ಣವ್ವ ಕೇಳಿದ್ಲು. ನನ್ನ ನಗು ಅಲ್ಲಿಗೇ ಬಂದ್ ಆತು.

ನಿನ್ನೆ ಸ್ನೇಹಾ ಇಲ್ಲಿಗೆ ಬಂದಿದ್ಲು, ನಿಮಗ ಹೇಳಿರಲಿಕ್ಕಿಲ್ಲ. ಐತವಾರ ಹುಬ್ಬಳ್ಳಿ ಮ್ಯಾಚಿಗೆ ಆಕಿನ್ನ ಬಿಟ್ಟ ಹೋಗ್ರಿ ಅಂತ ಪ್ರಿನ್ಸಿಪಾಲರು ಹೇಳ್ಯಾರಂತ, ಚೆಂಡಿನ ಬಣ್ಣದ ಸೀರಿ ಉಟ್ಟ ಬಂದ ತಪ್ಪಿಗೆ. ಎಲ್ಲಾ ಬಲ್ಲಾಕಿ ಯಾಕ ಉಟ್ಟಿ ಅಂತ ಬಿರುಸಾಗೇ ಕೇಳಿದೆ. ತನ್ನ ಊರು ಡೋಣ್ಯಾಗ ಆಕಿ ಸಣ್ಣಾಕಿದ್ದಾಗ ತಾಯಿ ತೀರಿಕೊಂಡಾಳ. ನನಗ ಉಡಿ ತುಂಬಿದ ಮೊದಲ ಕೈ ನಿಮ್ಮದು ಅಕ್ಕಾ, ನೀವ ಉಡು ಅಂದಿದ್ರಿ, ದೂರ ನಿಂತರಾತು ಅನ್ಕೊಂಡೆ, ಗಡಿಬಿಡ್ಯಾಗ ಹತ್ರ ಬಂದಬಿಟ್ಟೆ ಅಂತ ಅತ್ಲು. ಸೀರಿ ಕೊಟ್ಟವರ ಹೆಸರ ಪ್ರಿನ್ಸಿಪಾಲರ ಮುಂದ ತಗದಿಲ್ಲ. ನಾ ನೀರ ತರ್ತೀನಿ ಅಂತ ಒಳಗ ಹೋಗಿ, ಭಾಳ ಹೊತ್ತ ಹೊರಗ ಬರಲಿಲ್ಲ.

ಆಕಿನ್ನ ಬಿಟ್ಟ ಹೋಗಬ್ಯಾಡ್ರಿ. ಸೀರಿ ಕೊಟ್ಟಾಕಿ, ಉಡು ಅಂದಾಕಿ ನನ್ನ ಹೆಂಡತಿ, ಬಣ್ಣದ ಸಂಗತಿ ಆಕಿಗೆ ಏನೂ ತಿಳೀದು ಅಂತ ಪ್ರಿನ್ಸಿಪಾಲರಿಗೆ ಹೇಳ್ರಿ. ಹೊಟ್ಟಿಕಿಚ್ಚ ಹೋತು ಅಂತ ಮಾತ್ರ ತಿಳ್ಕೋಬ್ಯಾಡ್ರಿ, ಇನ್ನೂ ಐತಿ. ಹುಬ್ಬಳ್ಳಿಗೆ ನಾನೂ ಬರಾಕಿ, ನಿಮ್ಮಿಬ್ಬರ ನಡುವ ಕುಂಡ್ರಾಕಿ.

ಉಂಡಿ ಆಕಿಗೂ ಕೊಡ್ರಿ. ಎಳ್ಳಿನ್ವು ನಿಮಗ.

ನಿಮ್ಮ ಮ್ಯಾಲ ಸಿಟ್ಟಿರೋ,
ಭಾಗ್ಯಾ

ತಾ.ಕ.: ಕೀಪರ್‌ಗೆ ಬ್ಯಾರೇನೂ ತಿಳಿಯಂಗಿಲ್ಲ, ದೊಡ್ಡ ಕೇಸರಿ ಕಂಡ ಕಡೆ ಹೋಗತೈತಿ ಅಂತ ಒಂದಿನ ಊಟ ಮಾಡ್ತಾ ನೀವ ಹೇಳಿದ್ರಿ. ನಾ ಸೀರಿ ಕೊಂಡದ್ದು ಅದರ ಮರುದಿನ. ಆಕಿಗೆ ಹೇಳಬ್ಯಾಡ್ರಿ. ಆ ಸೀರಿನ್ನ ಆಕಿ ತಾಯಿ ಫೋಟೋದ ಮುಂದ ಮಡಚಿ ಇಟ್ಟಾಳಂತ.