ನಿನ್ನ ಏಳನೇ ಕ್ಲಾಸಿನ ಮಕ್ಕಳು ಖಾಲಿಯಾದ್ರು

ಮನೆ, ನಿನ್ನ ಮಂಚದ ಮೇಲೆ ಕೂತು
ನವೆಂಬರ್ 6, ಗುರುವಾರ ಸಂಜೆ

ನನ್ನ ಅಕ್ಕಾ,

ಅಲ್ಲ, ಅದಕ್ಕೇ ನಾನು ಹೇಳಿದ್ದು, ನನ್ನ ಮಾತು ಪೂರ್ತಿ ಕೇಳದೆ ಫ್ಯಾಮಿಲಿ ವಾಟ್ಸಾಪ್ ಗ್ರೂಪ್ ಬಿಟ್ಟು ಹೋಗ್ಬೇಡ ಅಂತ. ಈಗ ನೋಡು, ನಿನ್ನಿಂದಾಗಿ ನಾನು ಪೆನ್ನು ಹಿಡಿಯೋ ಗತಿ ಬಂತು. ಮೆಸೇಜ್ ಹಾಕಿದ್ರೆ ಒಂದೇ ಟಿಕ್ಕು. ಫೋನ್ ಮಾಡಿದ್ರೆ ಚಿಕ್ಕಮ್ಮ ಎತ್ತಿ "ಅವಳು ಮಲಗಿದ್ದಾಳೆ" ಅಂತಾರೆ. ಮೂರು ತಿಂಗಳಿಂದ ಮಲಗೇ ಇದ್ದೀಯಾ ಅಂದ್ರೆ ಕುಂಭಕರ್ಣನೂ ನಾಚ್ಕೋಬೇಕು. ಹೋಗ್ಲಿ, ಗಂಟಲು ಹೇಗಿದೆ? ಆಪರೇಷನ್ ಆದ ಜಾಗ ಈಗಲೂ ಉರಿಯುತ್ತಾ? ಬಿಸಿನೀರು ಕುಡೀತಿದ್ದೀಯಾ, ಇಲ್ಲ ಸೋಮಾರಿತನಾನಾ? ಬಟ್ಟೆ ಅಂಗಡಿ ಗೋಡೌನಲ್ಲಿ ಬೆಲೆ ಚೀಟಿ ಅಂಟಿಸೋ ಕೆಲಸಕ್ಕೆ ಸೇರಿದ್ದೀಯಂತೆ. "ಅಲ್ಲಿ ಯಾರ ಹತ್ರಾನೂ ಮಾತಾಡ್ಬೇಕಾಗಿಲ್ಲ, ಅವಳಿಗೆ ನೆಮ್ಮದಿ" ಅಂದ್ರು ಚಿಕ್ಕಮ್ಮ. ಇಡೀ ಏಳನೇ ಕ್ಲಾಸನ್ನ ಒಂದು ಹುಬ್ಬೆತ್ತಿ ಕೂರಿಸ್ತಿದ್ದ ನಮ್ಮಕ್ಕ, ಈಗ ಷರ್ಟುಗಳ ಮಧ್ಯೆ.

ಅಮ್ಮ ಚೆನ್ನಾಗಿದ್ದಾಳೆ ಅಂತ ಬರೀಬೇಕು, ಬರೆದೆ. ನಿಜ ಹೇಳ್ಬೇಕು ಅಂದ್ರೆ ಅವಳೂ ಈಗ ಮನೇಲಿ ಮೆಲ್ಲಗೆ ಮಾತಾಡ್ತಾಳೆ, ಮಗು ಮಲಗಿರೋ ಮನೆ ಥರ. ಟಿವಿ ಸೌಂಡೂ ಕಮ್ಮಿ. ನೀನು ಸ್ಕೂಲಿಗೆ ಹಾಕ್ತಿದ್ದ ಕರಿ ಶೂ ಬಾಗಿಲ ಹತ್ರಾನೇ ಇದೆ, ಒರೆಸ್ತಾಳೆ, ಅಲ್ಲೇ ಇಡ್ತಾಳೆ.

ನನ್ನ ಕೋರ್ಸ್ ಕಥೆ ಕೇಳು. ಮಿಡಲ್ ಸ್ಕೂಲ್ ಟೀಚಿಂಗ್ ಡಿಗ್ರಿ, ಆದ್ರೆ ಸ್ಕೂಲಿಗೆ ಹೋಗಿ ಪಾಠ ಮಾಡೋ ಟ್ರೈನಿಂಗ್ ಇಲ್ಲದ ಬ್ಯಾಚು. ಈಜು ಕಲಿಸ್ತಾರೆ, ನೀರು ತೋರಿಸಲ್ಲ. ಹೋದ ವರ್ಷ ನಿನ್ನ ಆಪರೇಷನ್ ಆದ ವಾರಾನೇ ಅಮ್ಮ ಹಠ ಹಿಡಿದು ಇದಕ್ಕೆ ಸೇರಿಸಿದ್ದು. "ಈ ಮನೆಯಿಂದ ಪಾಠ ಮಾಡೋಕೆ ಅಂತ ಒಂದು ಗಂಟಲು ಕೊಟ್ಟಿದ್ದೀವಿ, ಸಾಕು. ನೀನು ಓದು, ಡಿಗ್ರಿ ತಗೋ, ಆಫೀಸಲ್ಲಿ ಕೂತು ಪಠ್ಯಪುಸ್ತಕ ಬರಿ" ಅಂದಿದ್ಲು. ನಮ್ಮ ಕ್ಲಾಸಲ್ಲಿ ಪಾಠ ಮಾಡೋಕೆ ಮಕ್ಕಳೇ ಇಲ್ಲ, ಅದಕ್ಕೆ ನಾವೇ ಮಕ್ಕಳಾಗ್ತೀವಿ. ಮೊನ್ನೆ ಒಬ್ಬ ಗಡ್ಡಧಾರಿ ಕೊನೇ ಬೆಂಚಿಂದ "ಮಿಸ್, ಇವ್ಳು ನನ್ನ ರಬ್ಬರ್ ಕಿತ್ಕೊಂಡ್ಳು" ಅಂತ ಅತ್ತ. ಎಲ್ರೂ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಆಮೇಲೆ ಯಾಕೋ ತುಂಬಾ ಬೇಜಾರಾಯ್ತು.

ಪಾಠದ ಪ್ಲ್ಯಾನ್ ಬರೆಯುವಾಗ ಎಡಗಡೆ ಟೀಚರ್ ಏನು ಹೇಳ್ತಾರೆ, ಬಲಗಡೆ ಮಕ್ಕಳು ಏನು ಹೇಳ್ಬಹುದು ಅಂತ ಬರೀಬೇಕು. ಎಲ್ಲರಿಗೂ ಬಲಗಡೆ ಕಷ್ಟ, ನನಗೆ ಅದೇ ಬೆಣ್ಣೆಯಿಂದ ಕೂದಲು ತೆಗೆದಷ್ಟು ಸುಲಭ. ನೀನು ರಾತ್ರಿ ಊಟಕ್ಕೆ ಕೂತಾಗ ಹೇಳ್ತಿದ್ದೆಯಲ್ಲ, ನಿನ್ನ ಕ್ಲಾಸಿನ ಮಕ್ಕಳ ಕಥೆ, ಅವರನ್ನೆಲ್ಲ ಅಲ್ಲಿ ತಂದು ಕೂರಿಸಿದೆ. "ಅರ್ಧ ಸೊನ್ನೆ ಅಂದ್ರೆ ಎಷ್ಟು ಮಿಸ್?" ಅಂದ ನಿದ್ದೆಬುರುಕ. ಭಿನ್ನರಾಶಿ ಕಂಡುಹಿಡಿದವರ ಮನೆ ಅಡ್ರೆಸ್ ಕೇಳಿದ ಬಾಯಿಬಡುಕಿ. ಗೊತ್ತಿದ್ರೂ ಕೈ ಎತ್ತದ ಆ ಎರಡು ಜಡೆ ಹುಡುಗಿ, ನೀನು ಹೇಳಿದ್ದೆಯಲ್ಲ, ಅವಳ ಉತ್ತರ ಕೇಳೋಕೆ ಬಗ್ಗಿ ಕಿವಿ ಕೊಡ್ಬೇಕು ಅಂತ. ನಮ್ಮ ಮೇಡಂ ಓದಿ "ಎಷ್ಟು ಜೀವಂತ ಮಕ್ಕಳು! ಎಲ್ಲಿ ಸಿಕ್ಕರು?" ಅಂದ್ರು. ನಮ್ಮಕ್ಕ ಕೊಟ್ಟಿದ್ದು ಅಂತ ಎದೆಯುಬ್ಬಿಸಿ ಹೇಳಿದೆ. ಆಮೇಲೆ ದನಿ ಪಿಸುಮಾತಿಗೆ ಇಳೀತು ಅಂತ ನೀನು ಮಾತೇ ನಿಲ್ಲಿಸಿದೆ, ಮನೆ ಬಿಟ್ಟೆ, ನನ್ನ ಹತ್ರ ಇದ್ದವರೆಲ್ಲ ಒಬ್ಬೊಬ್ರಾಗಿ ಖಾಲಿಯಾದ್ರು. ಕಳೆದ ವಾರ ನಾನೇ ಮಕ್ಕಳನ್ನ ಹುಟ್ಟಿಸಿ ಬರೆದೆ. ಎಲ್ರೂ ಸರಿಯುತ್ತರ ಕೊಟ್ರು, ಥ್ಯಾಂಕ್ಯೂ ಬೇರೆ ಹೇಳಿದ್ರು. ಮೇಡಂ ಕೆಂಪು ಪೆನ್ನಲ್ಲಿ ಬರೆದಿದ್ದು ಒಂದೇ ಸಾಲು: "ಇವರು ಮಕ್ಕಳಲ್ಲ, ಎಲ್ಲಾ ನೀನೇ."

ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಅತ್ತೆ. ನೀನಿಲ್ದೆ ನಿನ್ನ ಫ್ಯಾನ್ ನಂಬರ್ ಒನ್ ಯೋಗ್ಯತೆ ಇಷ್ಟೇ ನೋಡು.

ಚಿಕ್ಕಮ್ಮಂಗೆ ಕೇಳಿದೆ ಅಂತ ಹೇಳು. ಗೋಡೌನ್ ಧೂಳಿಗೆ ಮೂಗಿಗೆ ಬಟ್ಟೆ ಕಟ್ಕೋ. ಅಮ್ಮನ ಪರವಾಗಿ ತಲೆ ನೇವರಿಸಿದೀನಿ ಅಂದ್ಕೋ, ಅವಳು ಹೇಳಿಲ್ಲ, ನಾನೇ.

ಯಾವತ್ತೂ ನಿನ್ನ ಹಿಂದೇನೇ,
ಬಾಲ

ತಾಜಾ ಕಲಂ: ಅಂಚೆ ಡಬ್ಬ ತೆರೆಯೋ ಹೊತ್ತಾಯ್ತು, ಬೇಗ ಬರೀತೀನಿ. ನಿನ್ನೆ ಮೇಡಂ ಹತ್ರ ಹೋಗಿ ನನ್ನನ್ನ ಸ್ಕೂಲಲ್ಲಿ ಪಾಠ ಮಾಡೋ ಬ್ಯಾಚಿಗೆ ಹಾಕಿ ಅಂದೆ. ಒಪ್ಪಿದ್ರು. ಸೀಟು ಇದ್ದಿದ್ದು ಒಂದೇ ಸ್ಕೂಲಲ್ಲಿ, ನಿನ್ನ ಸ್ಕೂಲು, ನಿನ್ನದೇ ಏಳನೇ ಕ್ಲಾಸ್ ರೂಮು. ಮುಂದಿನ ತಿಂಗಳು ಒಂದನೇ ತಾರೀಕು ಶುರು. ಅಮ್ಮಂಗೆ ಗೊತ್ತಿಲ್ಲ, ಗೊತ್ತಾದ್ರೆ ನಿನ್ನ ಗಂಟಲು ತೋರಿಸಿ ಬೇಡ ಅಂತಾಳೆ. ಅವಳ ಬಾಯಿಂದ ನಿನ್ನ ಗಂಟಲಿನ ಕಥೆ ಕೇಳಿ ಸಾಕಾಗಿದೆ. ನಿನಗೂ ಬೇಡ ಅನ್ಸಿದ್ರೆ ಹೋಗಲ್ಲ, ಆಣೆ. ಆದ್ರೆ ಚಿಕ್ಕಮ್ಮನ ಕೈಲಿ ಹೇಳಿಸ್ಬೇಡ, ಚೀಟೀಲಿ ಬರೀಬೇಡ. ಪಿಸುಮಾತಾದ್ರೂ ಸರಿ, ಆ ಎರಡು ಜಡೆ ಹುಡುಗಿಗೆ ನೀನು ಕೊಟ್ಟಂಗೆ ನಾನು ಕಿವಿ ಕೊಡ್ತೀನಿ. ನಿನ್ನ ಬಾಯಲ್ಲೇ "ಬೇಡ" ಅಂತ ಒಂದು ಸಲ ಫೋನಲ್ಲಿ ಹೇಳು ನೋಡೋಣ, ಹೇಳ್ತೀಯಾ?