ತಂಬಿಗೆಯಲ್ಲ, ಸೌಟು

ಮಾವನವರಿಗೆ,

ನಿಮ್ಮ ಸೊಸೆ ಸುಮಿತ್ರಾಳ ಶರಣು. ನೀವು ತೀರಿಹೋಗಿ ಮೂರು ವರ್ಷವಾಯಿತು. ಇಷ್ಟು ದಿನ ಬರೆಯದವಳು ಈಗ ಯಾಕೆ ಕಾಗದ ಹಿಡಿದು ಕೂತಳು ಅಂತೀರಾ? ಎಲ್ಲ ನಿಮ್ಮ ಮೊಮ್ಮಗಳಿಂದ. ಗೌರಿ ತನ್ನ ಶಾಲೆಯ ಬಾಸ್ಕೆಟ್‌ಬಾಲ್ ತಂಡಕ್ಕೆ ಸೇರಿದ್ದಾಳೆ. ನಿಮ್ಮ ಶಿಷ್ಯ ದೇಸಾಯಿಯವರು ಕಾರ್ಖಾನೆಯ ತಂಡವನ್ನು ನೋಡಿಕೊಳ್ಳುತ್ತಲೇ ಸಂಜೆ ಆ ಹುಡುಗಿಯರಿಗೂ ಕಲಿಸುತ್ತಾರೆ. ಮೊನ್ನೆ ಅವರು ಎಲ್ಲರನ್ನೂ ಕೂರಿಸಿಕೊಂಡು, "ಯಾರು ಎಲ್ಲಿ ಆಡಬೇಕು ಅನ್ನೂದನ್ನ ಎತ್ತರ ನೋಡಿ ಹೇಳಬಾರದು. ಇದನ್ನ ನಮಗ ಕಲಿಸಿದಾಕಿ ಈ ಗೌರಿ ಅವ್ವ" ಎಂದರಂತೆ. ಮಗಳು ಎದೆಯುಬ್ಬಿಸಿಕೊಂಡು ಮನೆಗೆ ಬಂದಳು. ನನಗೆ ಮಾತ್ರ ಅವಳ ಮುಖ ನೋಡಲಾಗಲಿಲ್ಲ. ಅವರು ನೆನೆದ ಆ ಸೌಟಿನ ಮಾತು ನನ್ನದಲ್ಲ ಮಾವನವರೇ. ಹತ್ತು ವರ್ಷ ನೀವು ಹೊಗಳಿದಿರಿ, ಹತ್ತು ವರ್ಷ ನಾನು ತಲೆ ತಗ್ಗಿಸಿಕೊಂಡು ಹೊಗಳಿಸಿಕೊಂಡೆ. ಇವತ್ತು ಒಪ್ಪಿಕೊಂಡುಬಿಡುತ್ತೇನೆ.

ಬೆಳಗಾವಿಯಲ್ಲಿ ಕೋಟೆಯ ಹತ್ತಿರದ ನಮ್ಮ ಮನೆಗೆ ನೀವು ಹೆಣ್ಣು ನೋಡಲು ಬಂದ ದಿನ ನೆನಪಿದೆಯೇ? ಅಡುಗೆ ಬರುತ್ತದೆಯೇ, ಹಾಡು ಬರುತ್ತದೆಯೇ ಎಂದು ಕೇಳುವ ಹೊತ್ತಿನಲ್ಲಿ ನೀವು ನಮ್ಮಪ್ಪನನ್ನು "ಕಾಲೇಜ್ ಟೀಮಿನ್ಯಾಗ ಎಲ್ಲಿ ಆಡತಿದ್ಲು?" ಎಂದು ಕೇಳಿದಿರಿ. ಅಪ್ಪ ಕಕ್ಕಾಬಿಕ್ಕಿ. ನಾನು ಒಳಗಿನಿಂದಲೇ "ಗಾರ್ಡ್" ಅಂದೆ. "ಬರೋಬ್ಬರಿ. ಗಿಡ್ಡಕ್ಕ ಅದಾಳ" ಎಂದು ನೀವು ತಲೆದೂಗಿದಿರಿ. ಇದು ಒಪ್ಪಿಗೆಯೋ ಅವಮಾನವೋ ತಿಳಿಯದೆ ನಮ್ಮವ್ವ ಚಹಾ ಕೊಡುವುದನ್ನೇ ಮರೆತಳು. ನಾನಂತೂ ಆವತ್ತೇ ನಿಮ್ಮ ಮನೆಗೆ ಬರುವುದೆಂದು ನಿಶ್ಚಯ ಮಾಡಿಕೊಂಡೆ. ನಿಮ್ಮ ಮಗನನ್ನು ನಾನಿನ್ನೂ ಸರಿಯಾಗಿ ನೋಡಿರಲೇ ಇಲ್ಲ!

ಖಾನಾಪುರಕ್ಕೆ ಬಂದ ಮೊದಲ ವಾರವೇ ನಿಮ್ಮ ಮನೆಯ ಎರಡು ಕಟ್ಟಳೆ ಗೊತ್ತಾದವು. ಸೊಸೆ ಮಾವನ ಜೊತೆ ನೇರ ಮಾತಾಡಬಾರದು, ಗಂಡನ ಹೆಸರು ಹಿಡಿಯಬಾರದು. ಇರಲಿ, ಅದೇನು ನನಗೆ ಹೊಸದಲ್ಲ. ಆದರೆ ಮಾತಾಡಬೇಕಾದ ಸಂಗತಿಯೋ ಬೆಟ್ಟದಷ್ಟಿತ್ತು. ನೀವು ಡ್ರಿಲ್ ಮಾಸ್ತರರು. ಕಮ್ಮಾರನಿಂದ ಕಬ್ಬಿಣದ ರಿಂಗು ಮಾಡಿಸಿ, ಶಾಲೆಯ ಅಂಗಳದ ಮಾವಿನ ಮರಕ್ಕೆ ಬಡಿದು ಮಗನಿಗೆ ಆಟ ಕಲಿಸಿದವರು. ಆ ಮಗ ಈಗ ಬೆಳಗಾವಿಯ ಕಾರ್ಖಾನೆಯೊಂದರ ತಂಡದಲ್ಲಿದ್ದರು. ಅರ್ಧ ದಿನ ಮಷಿನ್ನು, ಅರ್ಧ ದಿನ ಆಟ, ಎರಡಕ್ಕೂ ಸೇರಿ ಪಗಾರ. ನೌಕರಿ ಮಾತ್ರ ಕಾಯಂ ಆಗಿರಲಿಲ್ಲ. ಆ ವರ್ಷದ ಟೂರ್ನಮೆಂಟ್ ಮುಗಿದ ಮೇಲೆ ಚೆನ್ನಾಗಿ ಆಡಿದವರನ್ನು ಇಟ್ಟುಕೊಂಡು ಉಳಿದವರನ್ನು ಮನೆಗೆ ಕಳಿಸುವುದೆಂದು ಸಾಹೇಬರು ಹೇಳಿಬಿಟ್ಟಿದ್ದರು. ಆ ತಂಡದ ಕೋಚ್ ದೇಸಾಯಿಯವರೋ ನಿಮ್ಮನ್ನು ಕೇಳದೆ ಯಾರನ್ನೂ ಎಲ್ಲೂ ನಿಲ್ಲಿಸುವವರಲ್ಲ. ನಿಮ್ಮ ಮಗ ಆರಡಿ ಮೇಲೆ ಮೂರಿಂಚು, ಹಾಗಾಗಿ ಸೆಂಟರ್. ರಿಂಗಿನ ಕೆಳಗೆ ನಿಂತು ಎಲ್ಲರ ಮೊಣಕೈ ತಿಂದು, ಸಂಜೆ ಗಾಡಿಗೆ ಮನೆಗೆ ಬಂದು ಪಕ್ಕೆಗೆ ಎಣ್ಣೆ ಹಚ್ಚಿಸಿಕೊಳ್ಳುವುದನ್ನು ಯಾರು ನೋಡುತ್ತಿದ್ದರು, ನಾನಲ್ಲವೇ?

ಆ ರವಿವಾರದ ಊಟ ನನಗೆ ಈಗಲೂ ಕಣ್ಣಿಗೆ ಕಟ್ಟಿದೆ. ನೀವು ಪಡಸಾಲೆಯಲ್ಲಿ, ನಾನು ಅಡುಗೆಮನೆಯಲ್ಲಿ, ನಡುವೆ ಬಿಸಿ ರೊಟ್ಟಿ ಹಿಡಿದುಕೊಂಡು ಓಡಾಡುವ ಅತ್ತೆ. ನೀವು ತಾಟಿನ ಮುಂದೆ ಐದು ಪಾತ್ರೆ ಜೋಡಿಸಿದ್ದಿರಿ. ಎರಡು ಲೋಟ ಚೆಂಡು ತಂದು ಹಂಚುವ ಗಾರ್ಡ್, ಎರಡು ವಾಟಿ ಬದಿಯಿಂದ ಹೊಡೆಯುವ ಫಾರ್ವರ್ಡ್, ನಟ್ಟನಡುವೆ ತಂಬಿಗೆ ರಿಂಗಿನ ಕೆಳಗಿನ ಸೆಂಟರ್. ತಂಬಿಗೆಯೇ ನಿಮ್ಮ ಮಗ.

"ಎತ್ತರ ಇದ್ದಾಂವ ರಿಂಗಿನ ಬುಡಕ ನಿಂದರಬೇಕು. ಇದರಾಗ ವಾದ ಮಾಡೂದೇನೈತಿ? ಆಕೀಗೆ ಹೇಳು" ಎಂದಿರಿ.

"ಅತ್ತಿ, ಎತ್ತರ ಇದ್ರ ಸಾಲೂದಿಲ್ಲ, ಒಳಗ ನುಗ್ಗೂ ಮಂದಿನ್ನ ತಡೀಬೇಕು ಅಂತ ಹೇಳ್ರಿ" ಎಂದೆ ನಾನು, ಆದಷ್ಟು ಮೆಲ್ಲಗೆ.

ಅತ್ತೆ ಹೋದರು, ಹೇಳಿದರು, ಬಂದರು. ನಿಮ್ಮ ದನಿ ನನಗೆ ಅಲ್ಲಿಂದಲೇ ಕೇಳುತ್ತಿತ್ತು, ಆದರೂ ಅತ್ತೆ ಬಂದು ಮತ್ತೊಮ್ಮೆ ಹೇಳುವವರೆಗೆ ನಾನು ಕೇಳಿಸಿಕೊಂಡ ಲೆಕ್ಕವಲ್ಲ. "ಹಂಗಾದ್ರ ಒಳಗ ಯಾರ ನಿಂದರಬೇಕಂತ?" "ಪರಶರಾಮ." "ಆ ಗಿಡ್ಡ?" ಜಾಂಬೋಟಿಯಲ್ಲಿ ಭತ್ತದ ಚೀಲ ಹೊತ್ತು ಬೆಳೆದ ಪರಶರಾಮ ಗಿಡ್ಡನೇ, ಆದರೆ ಒಂದು ಸಲ ಕಾಲೂರಿ ನಿಂತರೆ ಎತ್ತು ತಂದರೂ ಕದಲುವವನಲ್ಲ. ಅವನನ್ನು ನೀವು ಗಾರ್ಡ್ ಮಾಡಿದ್ದಿರಿ. ಚೆಂಡು ತಟ್ಟಿಕೊಂಡು ಹೊರಟರೆ ಅದು ಅವನ ಪಾದಕ್ಕೇ ಬಡಿದು ಹೊರಗೆ ಹೋಗುತ್ತಿತ್ತು. ಅವನ ನೌಕರಿಯೂ ಅದೇ ದಾರದಲ್ಲಿ ತೂಗಾಡುತ್ತಿತ್ತು.

"ಹಂಗಾದ್ರ ನನ್ನ ಮಗಾ ಎಲ್ಲಿ ನಿಂದರಬೇಕು, ಕೇಳು ಆಕೀನ್ನ!" ಎಂದು ನೀವು ಗುಡುಗಿದಿರಿ. ಈಗ ನಿಜ ಹೇಳುತ್ತೇನೆ. ನಾನು ಹೇಳಿದ್ದು "ಫಾರ್ವರ್ಡ್ ಮಾಡಿ ಮೂಲ್ಯಾಗ ನಿಲ್ಲಸ್ರಿ, ಅಲ್ಲಿಂದ ಹೊಡೀಲಿ" ಅಂತ. ಇಷ್ಟೇ. ನಾನೇ ಗಾರ್ಡ್ ಆಡಿದವಳು, ಆದರೂ ಅಷ್ಟುದ್ದದ ಮನುಷ್ಯ ಗಾರ್ಡ್ ಆಡಬಹುದೆಂದು ನನಗೂ ಹೊಳೆದಿರಲಿಲ್ಲ. ಅತ್ತೆ ರೊಟ್ಟಿ ಹಿಡಿದುಕೊಂಡು ಹೋದರು. ನಾನು ಬಾಗಿಲ ಹಿಂದಿನಿಂದ ಇಣುಕಿ ನೋಡುತ್ತಿದ್ದೆ. ಅವರು ನಿಮ್ಮ ಮುಂದಿನ ತಂಬಿಗೆಯನ್ನು ಎತ್ತಿ ಬದಿಗಿಟ್ಟು, ಪಲ್ಯದ ಸೌಟನ್ನು ಲೋಟಗಳ ಹತ್ತಿರ ಇಟ್ಟರು. "ಆಕಿ ಹೇಳ್ತಾಳ, ನಿಮ್ಮ ಮಗಾ ತಂಬಗಿ ಅಲ್ಲ, ಸೌಟು. ಯಾರಿಗೆ ಏನ್ ಬೇಕು ನೋಡಿ ಬಡಸಾಂವ. ಚೆಂಡು ಅವನ ಕೈಯಾಗ ಕೊಡ್ರಿ."

ನೀವು ಸೌಟನ್ನೊಮ್ಮೆ, ಅತ್ತೆಯ ಮುಖವನ್ನೊಮ್ಮೆ ನೋಡಿದಿರಿ. ಆಮೇಲೆ ಮನೆ ಬಿದ್ದುಹೋಗುವ ಹಾಗೆ ನಕ್ಕಿರಿ. "ಭಾಳ ಶಾಣ್ಯಾ ಅದಾಳಲಾ ಸೊಸಿ!" ಅಂದಿರಿ. ಅತ್ತೆ ಒಳಗೆ ಬಂದು ನನ್ನ ಮುಖವನ್ನೂ ನೋಡದೆ ಮುಂದಿನ ರೊಟ್ಟಿ ಬಡಿಯತೊಡಗಿದರು. ನಾನು ಬಾಯಿ ಬಿಡಬಹುದಿತ್ತು, ಆದರೆ ಹೊಗಳಿಕೆ ಅಷ್ಟು ಬಿಸಿಬಿಸಿಯಾಗಿತ್ತು...

ಆದರೆ ನಕ್ಕರೂ ನೀವು ಮಣಿದಿರೇ? ಇಲ್ಲ. ಟೂರ್ನಮೆಂಟಿನ ಕಡೆಯ ಆಟದ ದಿನವೂ ನಿಮ್ಮ ತಂಬಿಗೆ ರಿಂಗಿನ ಕೆಳಗೇ. ನಾವು ಮೂವರೂ ಬೆಂಚಿನ ಮೇಲೆ ಕೂತಿದ್ದೆವು, ನಿಮಗೂ ನನಗೂ ನಡುವೆ ಯಥಾಪ್ರಕಾರ ಅತ್ತೆ. ಅರ್ಧ ಆಟ ಮುಗಿಯುವಷ್ಟರಲ್ಲಿ ಹದಿನಾಲ್ಕು ಪಾಯಿಂಟು ಹಿಂದೆ ಬಿದ್ದಿದ್ದೆವು. ನಿಮ್ಮ ಮಗ ಪಕ್ಕೆ ಹಿಡಿದುಕೊಂಡು ನಿಂತಿದ್ದರು. ಪರಶರಾಮ ಅಂಗಿಯಲ್ಲಿ ಮುಖ ಮುಚ್ಚಿಕೊಂಡಿದ್ದ. ಸಾಹೇಬರು ಗಡಿಯಾರ ನೋಡಿಕೊಳ್ಳುತ್ತಿದ್ದರು. ನನ್ನ ತಲೆಯ ಮೇಲಿನ ಸೆರಗು ಯಾವಾಗ ಜಾರಿತೋ ಗೊತ್ತಿಲ್ಲ. ಎದ್ದು ನಿಂತು, ಕಾಲೇಜಿನ ಮೈದಾನದ ದನಿಯಲ್ಲಿ ಕೂಗಿಬಿಟ್ಟೆ.

"ಮಾವಾರ! ಶಿವಾನಂದನ್ನ ರಿಂಗಿನ ಬುಡದಿಂದ ಹೊರಗ ತಗೀರಿ! ಪರಶರಾಮನ್ನ ಒಳಗ ಹಾಕ್ರಿ!"

ಒಂದೇ ಉಸಿರಿಗೆ ಎರಡೂ ಕಟ್ಟಳೆ ಮುರಿದಿದ್ದೆ. ಸುತ್ತ ಕೂತವರೆಲ್ಲ ತಿರುಗಿ ನೋಡಿದರು. ನೀವು ನನ್ನ ಕಡೆ ನೋಡಲಿಲ್ಲ. ಮುಂದೆ ನೋಡುತ್ತಲೇ ಅತ್ತೆಯನ್ನು "ಆಕಿ ಏನಂದ್ಲು?" ಎಂದು ಕೇಳಿದಿರಿ. ಅತ್ತೆ ಅಂದರು, "ನಿಮಗ ಕಿವಿ ಇಲ್ಲೇನು? ನಿಮಗ ಹೇಳ್ಯಾಳ, ನೀವ ಕೇಳ್ರಿ."

ನೀವು ಎದ್ದು ದೇಸಾಯಿಯವರ ಹತ್ತಿರ ಹೋದ ಆ ಹತ್ತು ಹೆಜ್ಜೆಗಳನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಆಮೇಲಿನ ಇಪ್ಪತ್ತು ನಿಮಿಷ ನಿಮಗೆ ನಾನು ಹೇಳಬೇಕೇ? ಚೆಂಡು ನಿಮ್ಮ ಮಗನ ಕೈಗೆ ಬಂತು. ಎಲ್ಲರ ತಲೆಯ ಮೇಲಿಂದ ಕಣ್ಣು ಹಾಯಿಸಿ, ಇವನಿಗೊಂದು, ಅವನಿಗೊಂದು, ಪಂಕ್ತಿಯಲ್ಲಿ ಬಡಿಸುವ ಹಾಗೆ ಕೊಡುತ್ತ ಹೋದರು. ಒಳಗೆ ಪರಶರಾಮ ಬೇರುಬಿಟ್ಟು ನಿಂತಿದ್ದ. ಕಡೆಗೆ ಒಂದೇ ಬಾಸ್ಕೆಟ್ಟಿನಿಂದ ಸೋತೆವು. ಸೋತವರು ಕುಣಿಯುವುದನ್ನು ಬೆಳಗಾವಿ ಮಂದಿ ಅವತ್ತು ನೋಡಿದರು. ಸಾಹೇಬರು ಇಬ್ಬರನ್ನೂ ಅಲ್ಲೇ ಕಾಯಂ ಮಾಡಿದರು. ಪರಶರಾಮ ಓಡಿಬಂದು, "ವೈನಿ, ನೀವು ಒದರಿದ್ದು ನಮ್ಮ ಜಾಂಬೋಟಿ ತನಕ ಕೇಳಿರತೈತಿ" ಅಂದ.

ಖಾನಾಪುರಕ್ಕೆ ಮರಳುವ ಗಾಡಿಯಲ್ಲಿ ನೀವು ಕುಂದಾದ ಪೊಟ್ಟಣ ಬಿಚ್ಚಿ ಮೊದಲು ನನ್ನ ಮುಂದೆ ಹಿಡಿದಿರಿ. "ಸುಮಿತ್ರಾ, ನಾಳಿಂದ ನನ್ನ ಎದುರಿಗೆ ಕುಂದರು. ನಡಬರಕ ನಿಮ್ಮತ್ತಿ ಬ್ಯಾಡ" ಎಂದಿರಿ. ನೀವು ನನಗೆ ನೇರವಾಗಿ ಹೇಳಿದ ಮೊದಲ ಮಾತು ಅದು. ಸಂತೋಷದಲ್ಲಿ ನಾನು ಕೈತುಂಬ ಕುಂದಾ ಎತ್ತಿಕೊಂಡೆ.

ಆಮೇಲಿನ ಹತ್ತು ವರ್ಷ ಎಷ್ಟು ವಾದ ಮಾಡಿದೆವು! ಕಾರ್ಖಾನೆಗೆ ಯಾವ ಹೊಸ ಹುಡುಗ ಬಂದರೂ ಲೋಟ, ವಾಟಿ, ತಂಬಿಗೆ ಹೊರಗೆ ಬರುತ್ತಿದ್ದವು. ಬಂದ ಅತಿಥಿಗಳಿಗೆಲ್ಲ ನೀವು ಸೌಟಿನ ಕಥೆ ಹೇಳುತ್ತಿದ್ದಿರಿ. ನಾನು ಎದುರಿಗೇ ಕೂತಿದ್ದರೂ ಅಡುಗೆಮನೆಯ ಕಡೆ ತಿರುಗಿ, "ಸೌಟು ಅಂದಾಕಿ ನಮ್ಮ ಸೊಸೀರಿ, ಬ್ಯಾರೆ ಯಾರೂ ಅಲ್ಲ!" ಎಂದು ಜೋರಾಗಿ ಹೇಳುತ್ತಿದ್ದಿರಿ. ಅತ್ತೆಯ ಮೂಲಕ ಮಾತಾಡಿದ ಹಳೆಯ ರೂಢಿ ಬಿಟ್ಟಿಲ್ಲ ಎಂದುಕೊಂಡಿದ್ದೆ ನಾನು.

ಇವತ್ತು ಬೆಳಿಗ್ಗೆ ಇಲ್ಲಿಯವರೆಗೆ ಬರೆದಿದ್ದೆ. ನಾವೀಗ ಹಿಂಡಲಗಾದಲ್ಲಿ ಮನೆ ಮಾಡಿದ್ದೇವೆ, ಅತ್ತೆ ನಮ್ಮ ಜೊತೆಗೇ ಇದ್ದಾರೆ. ಅವರೆಕಾಯಿ ಸುಲಿಯುತ್ತ ಕೂತಿದ್ದವರು "ಯಾರಿಗೆ ಬರ್ಯಾಕತ್ತಿ?" ಎಂದು ಕೇಳಿದರು. "ಮಾವಾರಿಗೆ" ಎಂದೆ. ಅವರಿಗೆ ಒಂದಿಷ್ಟೂ ಆಶ್ಚರ್ಯವಾಗಲಿಲ್ಲ. "ಓದು" ಅಂದರು. ಓದಿದೆ. ತಪ್ಪೊಪ್ಪಿಗೆಯ ಜಾಗ ಬಂದಾಗ ನನ್ನ ದನಿ ಸಣ್ಣಗಾಯಿತು. ಅತ್ತೆಗೆ ಮಾತ್ರ ಹೊಟ್ಟೆ ಹಿಡಿದುಕೊಳ್ಳುವಷ್ಟು ನಗು.

"ಅಯ್ಯ, ಹುಚ್ಚಿ! ಅವರಿಗೆ ಆವತ್ತ ಗೊತ್ತಾಗಿತ್ತು. ಆಟಾ ಆಡಿದ ಹುಡಿಗಿ ಸೌಟು ಅಂತಾಳೇನು, ಗಾರ್ಡ್ ಅಂತಾಳ, ಖರೇ ಹೇಳು, ಯಾರ ಮಾತಿದು ಅಂತ ನನ್ನ ಕೇಳಿದ್ರು. ನನಗೇನ್ ಗೊತ್ತು ಅಂದೆ."

"ಯಾಕ್ರಿ ಅತ್ತಿ?"

"ಮೊದಲ ಅಂಜಿಕಿ. ನನ್ನ ಮಾತಂದ್ರ ಅಡಗಿಮನಿ ಮಾತು ಅಂತ ಬಾಜೂಕ ಸರಿಸಿ ಉಂಡಾರು, ನೀ ಆಟಾ ಆಡಿದಾಕಿ, ನಿನ್ನ ಮಾತಂದ್ರ ಕೇಳ್ಯಾರು ಅಂತ. ಆಮ್ಯಾಲ ಹಟ. ಬಂದವರ ಮುಂದೆಲ್ಲ ನಿನ್ನ ಯಾಕ ಹೊಗಳತಿದ್ರು ಅಂದ್ಕೊಂಡಿ? ನಾ ಎದ್ದು ಬಂದು, ಅದು ನನ್ನ ಮಾತು ಅಂತ ಜಗಳಾ ತಗೀಲಿ ಅಂತ. ಹತ್ತ ವರ್ಷ ಕಾದ್ರು. ನಾನೂ ಬಾಯಿ ಬಿಡಲಿಲ್ಲ."

ಹಾಗಾದರೆ ನಿಮ್ಮಿಬ್ಬರ ಆಟದಲ್ಲಿ ಹತ್ತು ವರ್ಷ ನಾನು ಬರೀ ಚೆಂಡಾಗಿದ್ದೆನೇ ಮಾವನವರೇ? ನಗಬೇಡಿ.

ನಾಳೆ ದೇಸಾಯಿಯವರು ಮನೆಗೆ ಬರುತ್ತಾರೆ, ಗೌರಿಯನ್ನು ಎಲ್ಲಿ ಆಡಿಸುವುದೆಂದು ಕೇಳಲು. ನಿಮ್ಮ ಕುರ್ಚಿಯಲ್ಲಿ ಅತ್ತೆಯನ್ನು ಕೂರಿಸಿ, ಐದು ಪಾತ್ರೆ ಮುಂದಿಟ್ಟು, ನಿಜ ಏನೆಂದು ಗೌರಿಯ ಎದುರಿಗೇ ಹೇಳುತ್ತೇನೆ. ಇದು ನನ್ನ ಮಾತು. ಅತ್ತೆಯೂ ಬೇಡವೆನ್ನಲಿಲ್ಲ. ಅವರೆಕಾಯಿಯ ಬುಟ್ಟಿ ಎತ್ತಿಕೊಂಡು ಒಳಗೆ ಹೊರಟವರು ಬಾಗಿಲಲ್ಲಿ ನಿಂತರು. ಕಣ್ಣು ಒದ್ದೆಯಾಗಿತ್ತು, ನಗುವೂ ಇತ್ತು. ಕಾಗದದ ಕಡೆ ಬೆರಳು ತೋರಿಸಿ ಅಂದರು: "ಅವರಿಗೆ ಹೇಳು, ಸೌಟು ಅಂದಾಕಿ ನಾನ."

ಹೇಳಿದ್ದೇನೆ ಮಾವನವರೇ. ಕಡೆಗೂ ನೀವೇ ಗೆದ್ದಿರಿ.

ನಿಮ್ಮ ಸೊಸೆ,
ಸುಮಿತ್ರಾ