ವಿಳಾಸದ ಕಾಲಂ

ಮಾರ್ಚ್ ೧೧, ಮಂಗಳವಾರ

ಇಪ್ಪತ್ತೆರಡು ವರ್ಷ ಸರ್ಕಾರಿ ವಕೀಲೆಯಾಗಿದ್ದೇನೆ. ಇವತ್ತಿನಷ್ಟು ಮೈ ಉರಿದದ್ದು ನೆನಪಿಲ್ಲ.

ಹೆಂಡತಿ ಮಗಳ ಹತ್ತಿರ ಸುಳಿಯಬಾರದೆಂದು ನನ್ನ ಕೇಸೊಂದರಲ್ಲಿ ಕೋರ್ಟು ಶುಕ್ರವಾರ ಗಂಡನಿಗೆ ಆದೇಶ ಮಾಡಿತ್ತು. ಅದರ ಪ್ರತಿ ನಿನ್ನೆ ಅವನ ಕೈ ಸೇರಿತು. ಮೊದಲ ಪುಟದಲ್ಲೇ ಅವಳು ಗುಟ್ಟಾಗಿ ಹಿಡಿದ ಬಾಡಿಗೆ ಮನೆಯ ವಿಳಾಸವಿದೆ, ಎಷ್ಟನೇ ಮಹಡಿ ಎಂಬುದರ ಸಮೇತ. ಇವತ್ತು ಬೆಳಗ್ಗೆ ಎಂಟಕ್ಕೆ ಅವನು ಅಲ್ಲಿ ನಿಂತು ಬಾಗಿಲು ಒದೆಯುತ್ತಿದ್ದ. ಎದುರುಮನೆಯ ಅಜ್ಜಿ ಪೊಲೀಸರಿಗೆ ಫೋನ್ ಮಾಡಿದ್ದರಿಂದ ತಾಯಿ ಮಗಳ ಜೀವ ಉಳಿಯಿತು.

ಫಾರಂ ತುಂಬಿದ ನಮ್ಮ ಕಚೇರಿಯ ಗುಮಾಸ್ತನನ್ನು, ವಿಳಾಸ ಯಾಕೆ ಬರೆದೆ ಎಂದು ಕೇಳಿದೆ.

"ಎಲ್ಲಿಗೆ ಹೋಗ್ಬಾರ್ದು ಅಂತ ಅವನಿಗೆ ಗೊತ್ತಾಗ್ಬೇಕಲ್ವಾ ಮೇಡಂ? ಕಾಲಂ ಖಾಲಿ ಬಿಟ್ರೆ ಫಾರಂ ವಾಪಸ್ ಬರುತ್ತೆ."

"ಹಾಗಾದ್ರೆ ಒಂದು ನಕ್ಷೇನೂ ಲಗತ್ತಿಸಬೇಕಿತ್ತು ಕಣಯ್ಯಾ!"

ಅವನು ನಿಜವಾಗಿಯೂ ಯೋಚಿಸಿದ. "ಅದಕ್ಕೆ ಕಾಲಂ ಇಲ್ಲ ಮೇಡಂ."

ಮಧ್ಯಾಹ್ನ ಆ ಹೆಂಗಸು ಮಗಳ ಜೊತೆ ಎರಡು ಚೀಲ ಹಿಡಿದು ನನ್ನ ಕೋಣೆಗೆ ಬಂದಳು. ಒಂಬತ್ತು ವರ್ಷದ ಮಗಳು ಕೇಳಿದಳು: "ನಾನು ನನ್ನ ಫ್ರೆಂಡಿಗೂ ಹೇಳಿರ್ಲಿಲ್ಲ ಆಂಟಿ. ಅಪ್ಪಂಗೆ ಯಾರು ಹೇಳಿದ್ದು?"

"ಆಫೀಸಿನವ್ರು" ಅಂದುಬಿಟ್ಟೆ.

ಆ ಆದೇಶದ ಕರಡಿನ ಕೊನೆಯ ಪುಟದಲ್ಲಿರುವುದು ನನ್ನ ಸಹಿ. ಷರತ್ತುಗಳನ್ನು ಸಾಲುಸಾಲು ಓದಿದ್ದೆ, ಮೊದಲ ಪುಟ ಮಾತ್ರ ಓದದೆ ತಿರುವಿ ಹಾಕಿದ್ದೆ. ಗುಮಾಸ್ತನ ಮೇಲೆ ಕೂಗಾಡುವಾಗ ಅದು ನನಗೆ ಗೊತ್ತಿತ್ತು. ನಾಳೆ ಆ ಹುಡುಗಿಗೆ ನಾನೇ ಹೇಳಬೇಕು.

ಸಂಜೆ ಅವರನ್ನು ಬೇರೆ ಮನೆಗೆ ಸೇರಿಸಿ ಬಂದೆ. ಎಲ್ಲಿ ಎಂದು ಇಲ್ಲೂ ಬರೆಯುವುದಿಲ್ಲ.